ಊರೇ ದುಡ್ಡು ಹಾಕಿ ಕರೆಯುವ ಸಿನಿಮಾ ಹಬ್ಬ

ಅಮೆರಿಕದ ಫ್ಲೋರಿಡಾದಲ್ಲಿ ಮಯಾಮಿ ಬೇರೆ, ಮಯಾಮಿ ಬೀಚ್ ಬೇರೆ. ನಡುವೆ ಬಿಸ್ಕೇನ್ ಕೊಲ್ಲಿ ಇದೆ, ಕೊಲ್ಲಿಯ ಮೇಲೆ ಉದ್ದುದ್ದ ಸೇತುವೆ ರಸ್ತೆಗಳಿವೆ. ಆ ಕಡೆಯ ದ್ವೀಪದಲ್ಲಿರುವ ಮಯಾಮಿ ಬೀಚಿಗೆ ತನ್ನದೇ ಮೇಯರ್, ತನ್ನದೇ ಪೊಲೀಸ್, ತನ್ನದೇ ಖಜಾನೆ. ಅಲ್ಲಿ ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ ನಡೆಯುವ ಅಮೆರಿಕನ್ ಬ್ಲ್ಯಾಕ್ ಫಿಲ್ಮ್ ಫೆಸ್ಟಿವಲ್‌ಗೆ ನಗರಾಡಳಿತವೇ ಪ್ರಾಯೋಜಕ. ಕಪ್ಪು ಜನರ ಸಿನಿಮಾ, ಕಪ್ಪು ನಟರು, ನಿರ್ದೇಶಕರು, ಬರಹಗಾರರು ಇಲ್ಲಿ ಮುಖ್ಯ. ಒಂದು ಊರು ಇದಕ್ಕೆ ದುಡ್ಡು ಹಾಕುವುದರಲ್ಲಿ ಏನು ವಿಶೇಷ ಅನ್ನಿಸಬಹುದು. ಈ ಊರಿನ ಹಿಂದಿನ ಕಥೆ ಗೊತ್ತಾದರೆ ಹಾಗೆ ಅನ್ನಿಸುವುದಿಲ್ಲ.

ನಾನು ಉಳಿದುಕೊಂಡಿದ್ದು ಫೋರ್ಟ್ ಲಾಡರ್‌ಡೇಲ್‌ನ ಅಕ್ಕನ ಮನೆಯಲ್ಲಿ. ಸಿನಿಮಾ ಹಬ್ಬಕ್ಕೆ ಹೋಗ್ತೀನಿ ಅಂದಾಗ ಅಕ್ಕ, “ನೇರ ಬೀಚಿಗೆ ಹೋಗ್ಬೇಡ ಕಣೋ. ಮೊದಲು ಓವರ್‌ಟೌನ್ ನೋಡು, ಆಮೇಲೆ ಸೇತುವೆ ದಾಟು” ಅಂದಳು. ಅವಳು ಆ ಊರಲ್ಲಿ ಬಹಳ ಕಾಲದಿಂದ ಇದ್ದಾಳೆ. ಅವಳ ಮಾತಿನಂತೆ ಬ್ರೈಟ್‌ಲೈನ್ ರೈಲು ಹತ್ತಿ ಮಯಾಮಿ ಸೆಂಟ್ರಲ್‌ನಲ್ಲಿ ಇಳಿದೆ. ಅಲ್ಲಿಂದ ಓವರ್‌ಟೌನ್‌ಗೆ ನಡೆದೇ ಹೋಗಬಹುದು.

ಓವರ್‌ಟೌನ್ ಒಂದು ಕಾಲದಲ್ಲಿ ಕಪ್ಪು ಜನರ ಪೇಟೆ. ಹೋಟೆಲು, ಅಂಗಡಿ, ಸಂಗೀತದ ಕ್ಲಬ್ಬು ಎಲ್ಲ ಇದ್ದ ಬೀದಿಗಳು. 1960ರ ದಶಕದಲ್ಲಿ ಇದರ ಎದೆಯ ಮೇಲೆಯೇ ಹೆದ್ದಾರಿ ಕಟ್ಟಿದರು. ಸಾವಿರಾರು ಮನೆಗಳು ಹೋದವು. ಈಗಲೂ ತಲೆಯೆತ್ತಿದರೆ ಕಾಣುವುದು ಕಾಂಕ್ರೀಟಿನ ದಪ್ಪ ಕಂಬಗಳು, ಮೇಲೆ ಓಡುವ ಕಾರುಗಳು. ಉಳಿದುಕೊಂಡಿರುವ ಹಳೆಯ ಕಟ್ಟಡಗಳಲ್ಲಿ 1913ರ ಲಿರಿಕ್ ಥಿಯೇಟರ್ ದೊಡ್ಡದು. ಗೀಡರ್ ವಾಕರ್ ಎಂಬ ಕಪ್ಪು ಉದ್ಯಮಿ ಕಟ್ಟಿಸಿದ್ದು. ಡೊರೊತಿ ಜೆಂಕಿನ್ಸ್ ಫೀಲ್ಡ್ಸ್ 1977ರಲ್ಲಿ ಶುರು ಮಾಡಿದ ಬ್ಲ್ಯಾಕ್ ಆರ್ಕೈವ್ಸ್ ಎಂಬ ದಾಖಲೆ ಸಂಗ್ರಹ ಸಂಸ್ಥೆ ಈಗ ಇದನ್ನು ನೋಡಿಕೊಳ್ಳುತ್ತಿದೆ.

ಮಯಾಮಿ ಬೀಚ್ ಹಿಂದೆ ಹೇಗಿತ್ತು ಅನ್ನುವುದು ಓವರ್‌ಟೌನ್‌ನಲ್ಲಿ ನಿಂತಾಗ ಚೆನ್ನಾಗಿ ಅರ್ಥವಾಗುತ್ತದೆ. 1930ರ ದಶಕದಲ್ಲಿ ಬೀಚಿನ ಹೋಟೆಲು, ಮನೆಗಳಲ್ಲಿ ದುಡಿಯುವವರು ಪೊಲೀಸರ ಹತ್ತಿರ ಹೆಸರು ಬರೆಸಬೇಕಿತ್ತು. ಫೋಟೋ ತೆಗೆಸಿ, ಬೆರಳಚ್ಚು ಕೊಟ್ಟು, ಗುರುತಿನ ಕಾರ್ಡು ಇಟ್ಟುಕೊಳ್ಳಬೇಕಿತ್ತು. ಇದರ ಬಿಸಿ ಮುಟ್ಟಿದ್ದು ಕಪ್ಪು ಕೆಲಸಗಾರರಿಗೆ. ಕೆಲಸ ಮುಗಿಸಿ ಕತ್ತಲಾಗುವಷ್ಟರಲ್ಲಿ ಅವರು ಕೊಲ್ಲಿ ದಾಟಿ ಹೋಗಿರಬೇಕು. ಎಲಾ ಫಿಟ್ಜ್‌ಜೆರಾಲ್ಡ್, ನ್ಯಾಟ್ ಕಿಂಗ್ ಕೋಲ್, ಸ್ಯಾಮಿ ಡೇವಿಸ್ ಜೂನಿಯರ್ ಅವರಂಥ ಕಲಾವಿದರ ಪಾಡೂ ಬೇರೆಯಾಗಿರಲಿಲ್ಲ. ಬೀಚಿನ ಹೋಟೆಲುಗಳಲ್ಲಿ ಹಾಡಬಹುದಿತ್ತು, ಕುಣಿಯಬಹುದಿತ್ತು. ಅದೇ ಹೋಟೆಲಿನಲ್ಲಿ ಮಲಗುವ ಹಾಗಿರಲಿಲ್ಲ. ಚಪ್ಪಾಳೆ ಮುಗಿದ ಮೇಲೆ ಓವರ್‌ಟೌನ್‌ಗೆ ಬಂದು ಇಲ್ಲಿನ ಕ್ಲಬ್ಬುಗಳಲ್ಲಿ ತಮ್ಮವರಿಗಾಗಿ ಬೆಳಗಿನ ತನಕ ಹಾಡುತ್ತಿದ್ದರು.

ಇಂಥದ್ದೇ ಇನ್ನೊಂದು ಜಾಗ ಹ್ಯಾಂಪ್ಟನ್ ಹೌಸ್ ಎಂಬ ಹಳೆಯ ಮೋಟೆಲ್. ಅದು ಇರುವುದು ಓವರ್‌ಟೌನ್‌ನಲ್ಲಿ ಅಲ್ಲ, ಇನ್ನೂ ವಾಯವ್ಯಕ್ಕೆ ಬ್ರೌನ್ಸ್‌ವಿಲ್‌ನಲ್ಲಿ. ಅದನ್ನು ನೋಡದೆ ಬರಬೇಡಿ. 1964ರ ಫೆಬ್ರವರಿ 25ರ ರಾತ್ರಿ ಮಯಾಮಿ ಬೀಚಿನ ಕನ್ವೆನ್ಷನ್ ಹಾಲ್‌ನಲ್ಲಿ 22 ವರ್ಷದ ಕ್ಯಾಷಿಯಸ್ ಕ್ಲೇ, ಸೋನಿ ಲಿಸ್ಟನ್‌ನನ್ನು ಸೋಲಿಸಿ ಬಾಕ್ಸಿಂಗ್‌ನಲ್ಲಿ ಜಗತ್ತಿನ ಹೆವಿವೇಯ್ಟ್ ಚಾಂಪಿಯನ್ ಆದ. ಗೆದ್ದವನು ಸಂಭ್ರಮ ಆಚರಿಸಿದ್ದು ಬೀಚಿನಲ್ಲಲ್ಲ, ಈ ಮೋಟೆಲಿನಲ್ಲಿ. ಜೊತೆಗೆ ಕಪ್ಪು ಜನರ ಹೋರಾಟದ ನಾಯಕ ಮಾಲ್ಕಮ್ ಎಕ್ಸ್, ಗಾಯಕ ಸ್ಯಾಮ್ ಕುಕ್, ಅಮೆರಿಕನ್ ಫುಟ್‌ಬಾಲ್ ಆಟಗಾರ ಜಿಮ್ ಬ್ರೌನ್ ಇದ್ದರು. ಗೆಲುವಿನ ಊಟ ಅಂದರೆ ವೆನಿಲ್ಲಾ ಐಸ್‌ಕ್ರೀಮ್. ಆಮೇಲೆ ಅವನೇ ಮುಹಮ್ಮದ್ ಅಲಿಯಾದ. ಪಾಳುಬಿದ್ದಿದ್ದ ಕಟ್ಟಡವನ್ನು ಕೌಂಟಿಯ, ಅಂದರೆ ಜಿಲ್ಲಾಡಳಿತದ, ಹಣದಿಂದ ಸರಿಪಡಿಸಿ 2015ರಲ್ಲಿ ಮತ್ತೆ ತೆರೆದರು. ಹೀಗೆ ಹಳೆಯ ಜಾಗ ಉಳಿಸಲು ಸಾರ್ವಜನಿಕರ ದುಡ್ಡು ಖರ್ಚಾದರೆ ನನಗೆ ಖುಷಿಯಾಗುತ್ತದೆ.

ಇಷ್ಟು ನೋಡಿದ ಮೇಲೆ ಕೊಲ್ಲಿ ದಾಟಿದೆ. ನೀರು ಹಸಿರು ನೀಲಿ, ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಬೀಚಿನೊಳಗೆ ಓಡಾಡಲು ಪುಕ್ಕಟೆ ಟ್ರಾಲಿ ಬಸ್ಸುಗಳಿವೆ. ಅದರಲ್ಲಿ ಹದಿನೇಳನೇ ಬೀದಿಗೆ ಬಂದರೆ ನ್ಯೂ ವರ್ಲ್ಡ್ ಸೆಂಟರ್ ಸಿಗುತ್ತದೆ. ಫ್ರಾಂಕ್ ಗೆಹ್ರಿ ವಿನ್ಯಾಸ ಮಾಡಿದ, 2011ರಲ್ಲಿ ತೆರೆದ ಬಿಳಿ ಕಟ್ಟಡ. ಹೊರಗೋಡೆಯೇ ದೊಡ್ಡ ಪರದೆ, ಮುಂದೆ ಹುಲ್ಲಿನ ಪಾರ್ಕು. ಹಬ್ಬದ ಮುಖ್ಯ ಜಾಗಗಳಲ್ಲಿ ಇದೊಂದು. ಹತ್ತಿರದಲ್ಲೇ ಕನ್ವೆನ್ಷನ್ ಸೆಂಟರ್. ಕ್ಲೇ ಗೆದ್ದ ಹಾಲ್ ಇದ್ದದ್ದು ಅಲ್ಲೇ.

ಈ ಹಬ್ಬ ಹುಟ್ಟಿದ್ದು ಅಮೆರಿಕದಲ್ಲಲ್ಲ, ಮೆಕ್ಸಿಕೋದ ಅಕಾಪುಲ್ಕೋದಲ್ಲಿ, 1997ರಲ್ಲಿ. ಜೆಫ್ ಫ್ರೈಡೇ ಇದರ ಸ್ಥಾಪಕರಲ್ಲಿ ಒಬ್ಬರು. 2002ರಲ್ಲಿ ಮಯಾಮಿ ಬೀಚಿಗೆ ಬಂತು. ನಡುವೆ ಲಾಸ್ ಏಂಜಲೀಸ್, ನ್ಯೂಯಾರ್ಕ್‌ಗೂ ಹೋಗಿತ್ತು, ಮತ್ತೆ ಇಲ್ಲಿಗೇ ಮರಳಿತು. ರಯಾನ್ ಕೂಗ್ಲರ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕಿರುಚಿತ್ರಕ್ಕೆ ಈ ಹಬ್ಬದ ಎಚ್‌ಬಿಒ ಪ್ರಶಸ್ತಿ ಬಂದಿತ್ತು. ಕೆಲವೇ ವರ್ಷಗಳಲ್ಲಿ, 2018ರಲ್ಲಿ, ಅವರ ‘ಬ್ಲ್ಯಾಕ್ ಪ್ಯಾಂಥರ್’ ಲೋಕವೆಲ್ಲ ಓಡಿತು. ಹಾಗಾಗಿ ಕಿರುಚಿತ್ರಗಳ ಪ್ರದರ್ಶನಕ್ಕೇ ಜಾಸ್ತಿ ಜನ, ಜಾಸ್ತಿ ಆಸೆ.

ಅಲ್ಲಿ ಸಿನಿಮಾ ನೋಡುವ ರೀತಿಯೇ ನನಗೆ ಇಷ್ಟವಾಯಿತು. ಜನ ಸುಮ್ಮನೆ ಕೂರುವುದಿಲ್ಲ. ಪರದೆಯ ಮೇಲಿನ ಅಮ್ಮ ಮಗನಿಗೆ ಬುದ್ಧಿ ಹೇಳಿದರೆ “ಹೇಳಮ್ಮಾ, ಹೇಳು” ಅನ್ನುವ ದನಿ ಹಿಂದಿನ ಸಾಲಿನಿಂದ ಬರುತ್ತದೆ. ಒಳ್ಳೆಯ ಮಾತಿಗೆ ಅಲ್ಲೇ ಚಪ್ಪಾಳೆ. ಸಿನಿಮಾ ಮುಗಿದು ಹುಡುಗ ಹುಡುಗಿಯರು ವೇದಿಕೆಗೆ ಬಂದಾಗ ಅವರ ಅಪ್ಪ ಅಮ್ಮ, ಅತ್ತೆ ಮಾವ ಎಲ್ಲ ಎದ್ದು ನಿಂತು ಕೂಗುತ್ತಾರೆ.

ಸಾಲಿನಲ್ಲಿ ನನ್ನ ಮುಂದೆ ನಿವೃತ್ತ ಶಿಕ್ಷಕಿಯೊಬ್ಬರು ನಿಂತಿದ್ದರು. ಓವರ್‌ಟೌನ್‌ನಲ್ಲಿ ಹುಟ್ಟಿದವರು. ನಾನು ಬೆಂಗಳೂರಿನವನು ಅಂದಾಗ ಅಲ್ಲೂ ಚಿತ್ರೋತ್ಸವ ಇದೆಯಾ ಅಂತ ಕೇಳಿದರು. ಇದೆ, ರಾಜ್ಯ ಸರ್ಕಾರವೇ ನಡೆಸುತ್ತದೆ ಅಂದೆ. ಅವರು ನಗರಸಭೆಯ ಲಾಂಛನವಿದ್ದ ಬ್ಯಾನರ್ ತೋರಿಸಿದರು. “ನಮ್ಮಮ್ಮ ಈ ಬೀದಿಯ ಹೋಟೆಲಿನಲ್ಲಿ ಬಟ್ಟೆ ಒಗೆಯೋಳು. ಅವಳ ಕಾರ್ಡು ಇನ್ನೂ ನನ್ನ ಹತ್ತಿರ ಇದೆ. ಅದರ ಮೇಲೂ ಈ ಊರಿನ ಹೆಸರೇ ಇತ್ತು” ಅಂದರು.

ಊರು ಹಾಕುವ ದುಡ್ಡು ಎಲ್ಲಿಂದ ಬರುತ್ತದೆ? ಮಧ್ಯಾಹ್ನದ ಊಟದ ಬಿಲ್ಲಿನಲ್ಲೇ ಉತ್ತರ ಇತ್ತು. ಮಯಾಮಿ ಬೀಚಿನಲ್ಲಿ ಹೋಟೆಲ್ ಕೋಣೆಯ ಬಾಡಿಗೆಗೆ 4 ಪರ್ಸೆಂಟ್, ಹೊರಗಿನ ಊಟ ಪಾನೀಯಕ್ಕೆ 2 ಪರ್ಸೆಂಟ್ ರೆಸಾರ್ಟ್ ಟ್ಯಾಕ್ಸ್ ಇದೆ. ಅದರಲ್ಲಿ ಒಂದು ಪಾಲು ಪ್ರವಾಸಿಗರನ್ನು ಕರೆತರುವ ಕಾರ್ಯಕ್ರಮಗಳಿಗೆ ಅನುದಾನವಾಗಿ ಹೋಗುತ್ತದೆ. ಜನ ಬರುತ್ತಾರೆ, ಕೋಣೆ ತುಂಬುತ್ತದೆ, ತೆರಿಗೆ ಮತ್ತೆ ಬರುತ್ತದೆ. ಲೆಕ್ಕ ಸರಳ. ಆದರೆ ಕಪ್ಪು ಪ್ರವಾಸಿಗರೂ ಈ ಲೆಕ್ಕದಲ್ಲಿ ಗೌರವದ ಅತಿಥಿಗಳು ಅಂತ ಊರು ಒಪ್ಪಿಕೊಳ್ಳಲು ಹೋರಾಟ ಬೇಕಾಯಿತು. 1990ರ ಜೂನ್‌ನಲ್ಲಿ, ಜೈಲಿನಿಂದ ಹೊರಬಂದ ಕೆಲವೇ ತಿಂಗಳಲ್ಲಿ, ನೆಲ್ಸನ್ ಮಂಡೇಲಾ ಇದೇ ಕನ್ವೆನ್ಷನ್ ಸೆಂಟರ್‌ನಲ್ಲಿ ಕಾರ್ಮಿಕರ ಸಂಘದ ಸಮಾವೇಶದಲ್ಲಿ ಮಾತಾಡಿದರು. ಅವರು ಕ್ಯೂಬಾದ ಕಮ್ಯುನಿಸ್ಟ್ ನಾಯಕ ಫಿಡೆಲ್ ಕ್ಯಾಸ್ಟ್ರೋ ಬಗ್ಗೆ ಒಳ್ಳೆಯ ಮಾತಾಡಿದ್ದರು ಅನ್ನುವ ಸಿಟ್ಟಿಗೆ ಸ್ಥಳೀಯ ಆಡಳಿತಗಳು ಅಧಿಕೃತ ಸ್ವಾಗತ ಕೊಡಲಿಲ್ಲ. ಆಗ ವಕೀಲ ಎಚ್. ಟಿ. ಸ್ಮಿತ್ ಮುಂದಾಳತ್ವದಲ್ಲಿ ಕಪ್ಪು ಸಮುದಾಯ ಪ್ರವಾಸೋದ್ಯಮಕ್ಕೆ ಬಹಿಷ್ಕಾರ ಹಾಕಿತು. ಸಮಾವೇಶಗಳು ರದ್ದಾದವು, ಕೋಣೆಗಳು ಖಾಲಿ ಬಿದ್ದವು. ಸುಮಾರು ಮೂರು ವರ್ಷ ನಡೆದು 1993ರಲ್ಲಿ ಒಪ್ಪಂದವಾಯಿತು. ಬೀಚಿನಲ್ಲಿ ಕಪ್ಪು ಮಾಲೀಕತ್ವದ ದೊಡ್ಡ ಹೋಟೆಲ್ ಬರಬೇಕು ಅನ್ನುವುದು ಅದರಲ್ಲಿ ಒಂದು. ಡಾನ್ ಪೀಬಲ್ಸ್ ಅವರ ರಾಯಲ್ ಪಾಮ್ ಹೋಟೆಲ್ ಕಾಲಿನ್ಸ್ ಅವೆನ್ಯೂನಲ್ಲಿ ತೆರೆದದ್ದು 2002ರಲ್ಲಿ. ಹಬ್ಬ ಬಂದ ವರ್ಷವೂ ಅದೇ.

ಎಲ್ಲ ಸರಿಹೋಗಿದೆ ಅಂತ ನಾನು ಹೇಳಲಾರೆ. ಹಬ್ಬಕ್ಕೆ ಕೆಲವೇ ವಾರ ಮುಂಚೆ, ಮೇ ಕೊನೆಯ ಮೆಮೋರಿಯಲ್ ಡೇ ರಜೆಗೆ ಸಾವಿರಾರು ಕಪ್ಪು ಯುವಜನರು ಬೀಚಿಗೆ ಬರುತ್ತಾರೆ. ಆಗ ಸೇತುವೆ ರಸ್ತೆಗಳಲ್ಲಿ ಕಾರಿನ ನಂಬರ್ ಪ್ಲೇಟ್ ತಪಾಸಣೆ, ಎಲ್ಲೆಲ್ಲೂ ಪೊಲೀಸರು. ಗಲಾಟೆ, ಗುಂಡಿನ ದಾಳಿ ನಡೆದ ವರ್ಷಗಳಿವೆ ನಿಜ. ಆದರೂ ಸೂಟು ತೊಟ್ಟು ಬಂದವರಿಗೆ ಬ್ಯಾನರ್, ಚಡ್ಡಿ ತೊಟ್ಟು ಬಂದವರಿಗೆ ತಪಾಸಣೆ ಅಂದರೆ ಕರೆದವರ ಮನಸ್ಸಿನಲ್ಲಿ ಇನ್ನೂ ಏನೋ ಉಳಿದಿದೆ, ಅಲ್ವಾ? ಅನುದಾನ ಕೊಡುವ ಕೈಗೆ ಕಿತ್ತುಕೊಳ್ಳುವ ಶಕ್ತಿಯೂ ಇದೆ. ವಾಷಿಂಗ್ಟನ್ ಅವೆನ್ಯೂನ ಹಳೆಯ ಸಿಟಿ ಹಾಲ್ ಕಟ್ಟಡದಲ್ಲಿ ಓ ಸಿನಿಮಾ ಎಂಬ ಚಿಕ್ಕ ಚಿತ್ರಮಂದಿರ ಇದೆ. ಪ್ಯಾಲೆಸ್ಟೀನ್ ಕುರಿತ ಒಂದು ಸಾಕ್ಷ್ಯಚಿತ್ರ ತೋರಿಸಿದ್ದಕ್ಕೆ 2025ರ ಮಾರ್ಚ್‌ನಲ್ಲಿ ಮೇಯರ್ ಅದರ ಗುತ್ತಿಗೆ, ಅನುದಾನ ಎರಡನ್ನೂ ನಿಲ್ಲಿಸಲು ಹೊರಟಿದ್ದರು. ಜನ, ನಗರಸಭೆಯ ಸದಸ್ಯರಾದ ಕಮಿಷನರ್‌ಗಳು ವಿರೋಧಿಸಿದ ಮೇಲೆ ಪ್ರಸ್ತಾಪ ವಾಪಸ್ ಪಡೆದರು. ಅಂದರೆ ಊರಿನ ದುಡ್ಡು ಬೇಕು, ಅದರ ಮೇಲೆ ಊರವರ ಕಣ್ಣೂ ಬೇಕು.

ಹೋಗುವ ಮನಸ್ಸಿದ್ದರೆ ಹಬ್ಬದ ಪಾಸು ಬೇಗ ತೆಗೆದುಕೊಳ್ಳಿ. ಪುಕ್ಕಟೆ ಕಾರ್ಯಕ್ರಮಗಳೂ ಇರುತ್ತವೆ, ವೇಳಾಪಟ್ಟಿಯಲ್ಲಿ ಹುಡುಕಿ. ಜೂನ್‌ನಲ್ಲಿ ಮಧ್ಯಾಹ್ನ ದಿಢೀರನೆ ಮಳೆ ಸುರಿಯುತ್ತದೆ, ಕೊಡೆ ಇರಲಿ. ಥಿಯೇಟರಿನ ಒಳಗೆ ಎಸಿ ಜೋರು, ಒಂದು ಶಾಲೂ ಇರಲಿ. ಲಿರಿಕ್ ಥಿಯೇಟರಿಗೆ, ಹ್ಯಾಂಪ್ಟನ್ ಹೌಸ್‌ಗೆ ತೆರೆದಿರುವ ವೇಳೆ ಮೊದಲೇ ವಿಚಾರಿಸಿ ಹೋಗಿ. ಆ ಎರಡನ್ನೂ ನೋಡಿದ ಮೇಲೆಯೇ ಸೇತುವೆ ದಾಟಿ.