ಐವತ್ತು ವರ್ಷದ ಗಾಡಿಗೆ ಇಷ್ಟು ಸಾಕೇ?

“ಐವತ್ತು ವರ್ಷದ ಗಾಡಿ ಸರ್, ಅದಕ್ಕೆ ಇಷ್ಟು ಸಾಕು.” ಮಂಗಳವಾರ ಫೋನಿನಲ್ಲಿ ಕೇಳಿದ ಈ ಮಾತು ವಾರ ಮುಗಿಯುತ್ತ ಬಂದರೂ ಕಿವಿ ಬಿಟ್ಟು ಹೋಗಿಲ್ಲ. ಹೇಳಿದವನು ಹಳೆಯ ಮೋಟಾರ್‌ಸೈಕಲ್‌ಗಳ ಬಿಡಿಭಾಗಗಳನ್ನು ಆನ್‌ಲೈನ್‌ನಲ್ಲಿ ಮಾರುವ ವ್ಯಾಪಾರಿ. ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟಾಗಿ ಮರೆತುಬಿಡುತ್ತಿದ್ದೆ. ಅವನು ಸಮಾಧಾನ ಹೇಳುವ ಧಾಟಿಯಲ್ಲಿ, ನನಗೇ ಉಪಕಾರ ಮಾಡಿದವನಂತೆ ಹೇಳಿದ.

ಅಪ್ಪನ ಯೆಜ್ಡಿ 1975ರದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಕೆಲವು ವರ್ಷ ಹುಬ್ಬಳ್ಳಿಯಲ್ಲೇ ಸಾಮಾನು ಸಿಗುತ್ತಿತ್ತು. ಈಗ ಅಂಗಡಿಯವರು “ಬುಲೆಟ್‌ನದು ಬೇಕಾದರೆ ಇದೆ” ಎನ್ನುತ್ತಾರೆ. 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಬಂದವು, ನಿಜ. ಅವು ಫೋರ್‌ಸ್ಟ್ರೋಕ್, ನಮ್ಮ ಟೂಸ್ಟ್ರೋಕ್ ಎಂಜಿನ್ನಿಗೆ ಅವುಗಳ ಪಿಸ್ಟನ್, ಅಂದರೆ ಸಿಲಿಂಡರಿನೊಳಗೆ ಮೇಲೆ-ಕೆಳಗೆ ಓಡುವ ಭಾಗ, ಕೂರುವುದಿಲ್ಲ. ಹಾಗಾಗಿ ಪಿಸ್ಟನ್ನಿಗಾಗಿ ಮೊಬೈಲ್ ತೆರೆದು ಹುಡುಕುವುದೇ ದಾರಿ.

ಮೊಬೈಲಿನ ಚಿತ್ರದಲ್ಲಿ ಕಂಡದ್ದು ಹಳದಿಗಟ್ಟಿದ ಹಳೆಯ ಡಬ್ಬಿ. ‘ಕಂಪನಿಯ ಹಳೆಯ ಸ್ಟಾಕ್, ಬಳಸಿಲ್ಲ’ ಎಂದು ಬರೆದಿತ್ತು. ಮನೆಗೆ ಬಂದದ್ದು ಗುರುತು, ಹೆಸರು ಏನೂ ಇಲ್ಲದ ಬಿಳಿ ಡಬ್ಬಿಯ ಪಿಸ್ಟನ್. ಅದನ್ನು ಗೋಕುಲ ರಸ್ತೆಯ ಮಿಸ್ತ್ರಿ ಕಾಕಾನ ಮುಂದೆ ಇಟ್ಟೆ. ಕಾಕಾ ಡಬ್ಬಿಯ ಕಡೆ ನೋಡಲೇ ಇಲ್ಲ. ಪಿಸ್ಟನ್ನನ್ನು ಬೆಳಕಿಗೆ ಹಿಡಿದು, ರಿಂಗ್ (ತುದಿಗಳು ಕೂಡದ ಲೋಹದ ಬಳೆ) ಕೂರುವ ತೋಡಿನಲ್ಲಿ ಹೆಬ್ಬೆರಳಿನ ಉಗುರು ಇಟ್ಟು ನಿಧಾನವಾಗಿ ಸರಿಸಿದರು. ಒಂದು ಕಡೆ ಉಗುರು ನಿಂತಿತು. ಅಲ್ಲಿ ಸಾಸಿವೆಗಿಂತ ಚಿಕ್ಕದೊಂದು ಪಿನ್ ಇರುತ್ತದೆ. ಉಗುರಿನಿಂದ ಒತ್ತಿದರು, ಪಿನ್ ಅಲುಗಾಡಿತು.

“ನೋಡು ತಮ್ಮಾ, ಇದು ಅಲುಗಬಾರದು” ಎಂದರು.

ಟೂಸ್ಟ್ರೋಕ್ ಎಂಜಿನ್ನಿನ ಸಿಲಿಂಡರ್ ಗೋಡೆಯಲ್ಲಿ ಕಿಟಕಿಗಳಿರುತ್ತವೆ. ಪೆಟ್ರೋಲು ಒಳಬರುವುದು, ಹೊಗೆ ಹೊರಹೋಗುವುದು ಅವುಗಳಿಂದಲೇ. ರಿಂಗಿನ ಎರಡು ತುದಿಗಳು ಆ ಕಿಟಕಿಗಳ ಎದುರಿಗೆ ಬರಬಾರದು. ರಿಂಗ್ ತಿರುಗದಂತೆ ಹಿಡಿದಿಡುವುದು ಆ ಪಿನ್. ಅದು ಕಳಚಿದರೆ ರಿಂಗ್ ತಿರುಗುತ್ತದೆ, ತುದಿ ಕಿಟಕಿಗೆ ಸಿಕ್ಕಿ ಮುರಿಯುತ್ತದೆ, ಚೂರುಗಳು ಸಿಲಿಂಡರನ್ನು ಗೀರಿ ಹಾಕುತ್ತವೆ. ಪಿಸ್ಟನ್ ಕಚ್ಚಿಕೊಂಡರಂತೂ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಕೂಡಲೇ ಕ್ಲಚ್ ಹಿಡಿಯದಿದ್ದರೆ ಸವಾರ ನೆಲಕ್ಕೆ. ಗಬ್ಬೂರಿನಿಂದ ನರೇಂದ್ರದ ಕಡೆ ಹೋಗುವ ಬೈಪಾಸಿನಲ್ಲಿ, ಬೆನ್ನಿಗೆ ಲಾರಿ ಇರುವಾಗ ಹೀಗಾದರೆ?

ಇದನ್ನೆಲ್ಲ ವ್ಯಾಪಾರಿಗೆ ವಿವರಿಸಿದಾಗ ಸಿಕ್ಕ ಉತ್ತರವೇ ಆ ‘ಇಷ್ಟು ಸಾಕು’. ಫೋನು ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ಕುಳಿತಿದ್ದ ಅಪ್ಪ ಅಲ್ಲಿಯವರೆಗೆ ಸುಮ್ಮನಿದ್ದವರು, “ಹಳೆಯ ಗಾಡಿ ಎಂದು ಲಾರಿ ಮೆಲ್ಲಗೆ ಗುದ್ದುತ್ತದೆಯೇ, ಕೇಳು ಅವನನ್ನು” ಎಂದರು. ಕೇಳಿದೆ. ಆ ಕಡೆಯಿಂದ ಕರೆ ಕಡಿತವಾಯಿತು.

ಆ ವ್ಯಾಪಾರಿ ಕೆಟ್ಟವನು ಎನ್ನುವುದಕ್ಕಿಂತ, ತಾನು ಮಾರುವ ವಸ್ತುವಿನ ಮೇಲೆ ಅವನಿಗೆ ಕಿಂಚಿತ್ತೂ ಗೌರವವಿಲ್ಲ ಎನ್ನುತ್ತೇನೆ. ಹಳೆಯ ಗಾಡಿ ಇಟ್ಟುಕೊಂಡವರೆಲ್ಲ ಅದನ್ನು ಒರೆಸಿ, ಜುಲೈ ಎರಡನೆಯ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆ ಹೊರಗೆ ತೆಗೆದು, ಚಿತ್ರ ಹಿಡಿಸಿಕೊಂಡು ಒಳಗಿಡುತ್ತಾರೆ ಎಂದು ಅವನು ತಿಳಿದಿರಬೇಕು. ಅಪ್ಪ ಇಂದಿಗೂ ಅದರಲ್ಲೇ ಕುಂದಗೋಳದ ಹೊಲಕ್ಕೆ ಹೋಗುತ್ತಾರೆ. ಓಡುವ ಗಾಡಿಗೆ ವಯಸ್ಸಿನ ರಿಯಾಯಿತಿ ಇಲ್ಲ.

ನಕಲಿನ ಬಗ್ಗೆ ನನಗೆ ತಕರಾರಿಲ್ಲ. ಕಾರ್ಖಾನೆಯೇ ಇಲ್ಲದ ಮೇಲೆ ಯಾರಾದರೂ ಹೊಸದಾಗಿ ಮಾಡಲೇಬೇಕು; ಅಳತೆ ಮತ್ತು ಲೋಹ ಸರಿಯಿದ್ದರೆ ಅಂಥವರಿಗೆ ಕೈ ಮುಗಿಯುತ್ತೇನೆ. ಅದನ್ನು ಹಳದಿ ಡಬ್ಬಿಯ ಚಿತ್ರ ತೋರಿಸಿ ಮಾರುವುದು ಮಾತ್ರ ಮೋಸ. ಬೆಲೆ ಮೂಲದ್ದು, ಮಾಲು ನಕಲಿನದು.

ಈ ‘ಇಷ್ಟು ಸಾಕು’ ಗಾಡಿಗಳಿಗಷ್ಟೇ ಸೀಮಿತವಲ್ಲ ಎಂಬುದು ನನ್ನ ನಿದ್ದೆ ಕೆಡಿಸಿದ ಸಂಗತಿ. ಹೋದ ವರ್ಷ ಅಪ್ಪನಿಗೆ ಕನ್ನಡಕ ಮಾಡಿಸಲು ಹೋದಾಗ ಓದುವ ಅಕ್ಷರ ಮಸುಕಾಗಿದೆ ಎಂದರೆ, “ಈ ವಯಸ್ಸಿಗೆ ಇಷ್ಟು ಕಂಡರೆ ಸಾಕು ಅಜ್ಜಾ” ಎಂದು ಕನ್ನಡಕದ ಅಂಗಡಿಯವರು ಹೇಳಿದ್ದರು. ಅದೂ ಇದೇ ಪ್ರೀತಿಯ ಧಾಟಿ. ಅಪ್ಪ ದಿನಾ ಬೆಳಿಗ್ಗೆ ಪತ್ರಿಕೆಯನ್ನು ಕೊನೆಯ ಪುಟದವರೆಗೆ ಓದುವವರು. ಎಷ್ಟು ಸಾಕು ಎಂದು ಅವರನ್ನು ಯಾರೂ ಕೇಳಲಿಲ್ಲ. ಮಂಗಳವಾರ ಅವರು ಲಾರಿಯ ಮಾತೆತ್ತಿದ್ದು ಗಾಡಿಯೊಂದಕ್ಕಾಗಿಯೇ ಆಗಿರಲಿಕ್ಕಿಲ್ಲ.

ಗುರುವಾರ ಇನ್ನೊಬ್ಬ ವ್ಯಾಪಾರಿ ಸಿಕ್ಕರು. ದುಡ್ಡಿನ ಮಾತಿಗಿಂತ ಮೊದಲು ಅವರು ಕೇಳಿದ್ದು, “ಮೊದಲು ಎಷ್ಟು ಸಲ ಬೋರ್ ಆಗಿದೆ?” ಎಂದು. ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆದು ಅಗಲ ಮಾಡಿ, ದೊಡ್ಡ ಪಿಸ್ಟನ್ ಹಾಕುವುದಕ್ಕೆ ಬೋರ್ ಎನ್ನುತ್ತಾರೆ. ಮೂಲ ಅಳತೆ 65 ಮಿಲಿಮೀಟರ್. ನಮ್ಮದು ಈಗ ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ನಿಗೆ ಬಂದು ನಿಂತಿದೆ. “ನನ್ನ ಹತ್ತಿರ ಇರುವುದು ಹೊಸ ತಯಾರಿಕೆ, ಕಂಪನಿಯದ್ದಲ್ಲ. ಪಿನ್ ನೋಡಿಯೇ ಕಳಿಸುತ್ತೇನೆ. ಒಪ್ಪಿಗೆಯಾಗದಿದ್ದರೆ ವಾಪಸ್ ಕಳಿಸಿ” ಎಂದರು. ಕೂಡಲೇ ಹಣ ಹಾಕಿದೆ.

ಪಾರ್ಸೆಲ್ ಸೋಮವಾರ ಬರಬಹುದು. ಪಿಸ್ಟನ್ ಕೈಗೆ ಬಂದು, ಅದನ್ನು ಮೈಕ್ರೋಮೀಟರಿನಲ್ಲಿ ಅಳೆಯುವವರೆಗೆ ಸಿಲಿಂಡರನ್ನು ಲೇಥಿನವರಿಗೆ ಕೊಡುವುದಿಲ್ಲ ಎಂದು ಕಾಕಾ ಹಟ ಹಿಡಿದಿದ್ದಾರೆ. ಅಪ್ಪನೂ ಅವರ ಕಡೆಯೇ.