ಕನ್ನಡಿ ಕೊಟ್ಟ ಕೀಟೋನ್

ಇಂದು ಮಧ್ಯಾಹ್ನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳು, ಫ್ರಕ್ಟೋಸ್ ಎಂಬ ಸಕ್ಕರೆಯನ್ನು ಟಾಲೆನ್ಸ್ ಕಾರಕದ (ಅಮೋನಿಯಾ ಬೆರೆಸಿದ ಬೆಳ್ಳಿ ನೈಟ್ರೇಟ್ ದ್ರಾವಣ) ಜೊತೆ ಬಿಸಿಮಾಡಿದ್ದ ಪ್ರನಾಳವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸರ್, ಫ್ರಕ್ಟೋಸ್ ಕೀಟೋನ್ ಅಂದಿದ್ರಿ, ಇದರಲ್ಲಿ ನನ್ನ ಮುಖವೇ ಕಾಣ್ತಿದೆಯಲ್ಲ!" ಎಂದಳು.

ನಿಜ, ಗಾಜಿನ ಒಳಮೈಗೆ ಬೆಳ್ಳಿ ಹಿಡಿದಿತ್ತು. ತಳದಲ್ಲಿ ಮಾತ್ರ ಒಂದಿಷ್ಟು ಕಪ್ಪು. ಪ್ರನಾಳವನ್ನು ಸರಿಯಾಗಿ ತೊಳೆದಿರಲಿಲ್ಲವೆಂದು ಕಾಣುತ್ತದೆ.

ಟಾಲೆನ್ಸ್ ಕಾರಕದ ಬೆಳ್ಳಿ ಅಯಾನುಗಳನ್ನು ಲೋಹವಾಗಿಸುವುದು, ಕಾರ್ಬೊನಿಲ್ (ಇಂಗಾಲ-ಆಮ್ಲಜನಕ ದ್ವಿಬಂಧ) ಸರಪಳಿಯ ತುದಿಯಲ್ಲಿರುವ ಆಲ್ಡಿಹೈಡ್‌ಗಳ ಗುಣ; ಅದು ನಡುವೆ ಇರುವ ಸಾಮಾನ್ಯ ಕೀಟೋನ್‌ಗಳದ್ದಲ್ಲ. ಅದೇ ಬಿಸಿನೀರಿನಲ್ಲಿ ಕುಳಿತಿದ್ದ ಅಸಿಟೋನ್ ಎಂಬ ಕೀಟೋನ್ ತಿಳಿಯಾಗಿಯೇ ಉಳಿದಿತ್ತು. ಆದರೆ ಫ್ರಕ್ಟೋಸ್‌ನ ಕಾರ್ಬೊನಿಲ್ ಎರಡನೆಯ ಇಂಗಾಲದಲ್ಲಿದ್ದು, ಅದರ ಪಕ್ಕದ ಮೊದಲ ಇಂಗಾಲಕ್ಕೆ ಹೈಡ್ರಾಕ್ಸಿಲ್ ಗುಂಪು ಅಂಟಿಕೊಂಡಿರುವುದರಿಂದ, ಕಾರಕದಲ್ಲಿರುವ ಕ್ಷಾರವು ಆ ಮೊದಲ ಇಂಗಾಲದಿಂದ ಒಂದು ಪ್ರೋಟಾನನ್ನು ಕಿತ್ತುಕೊಂಡಾಗ ಅಣುವು ಈನ್‌ಡಯಾಲ್ ರೂಪಕ್ಕೆ (ದ್ವಿಬಂಧದ ಎರಡೂ ಇಂಗಾಲಗಳಲ್ಲಿ ಹೈಡ್ರಾಕ್ಸಿಲ್ ಇರುವ ರೂಪ) ಸರಿಯುತ್ತದೆ. ಅಲ್ಲಿಂದ ಮರಳುವಾಗ ಕಾರ್ಬೊನಿಲ್ ಅನ್ನು ಮೊದಲ ಇಂಗಾಲದ ಮೇಲೆ ಕಟ್ಟಿಕೊಂಡು ಗ್ಲೂಕೋಸ್ ಅಥವಾ ಮ್ಯಾನೋಸ್ ಆಗಿಬಿಡಬಹುದು. ಅವೆರಡೂ ಆಲ್ಡಿಹೈಡ್‌ಗಳೇ. ಪರೀಕ್ಷಿಸಲು ಹಾಕಿದ ದ್ರಾವಣವೇ ಪರೀಕ್ಷೆಗೊಳಗಾದ ವಸ್ತುವನ್ನು ಬದಲಿಸುತ್ತದೆ ಎಂಬ ಈ ತಮಾಷೆಯನ್ನು ಎಷ್ಟು ವರ್ಷ ಪಾಠ ಮಾಡಿದರೂ ನನಗೆ ಬೇಸರ ಬಂದಿಲ್ಲ.

ನಾಳೆ ಅವಳ ಕೈಗೆ ಬ್ರೋಮಿನ್ ನೀರು ಕೊಡಬೇಕು. ಅಲ್ಲಿ ಕ್ಷಾರವಿಲ್ಲದ ಕಾರಣ ಗ್ಲೂಕೋಸ್ ಬಣ್ಣವನ್ನು ಅಳಿಸುತ್ತದೆ, ಫ್ರಕ್ಟೋಸ್ ಅಳಿಸುವುದಿಲ್ಲ.

ಟಾಲೆನ್ಸ್ ಕಾರಕವನ್ನು ಇಟ್ಟರೆ ಸಿಡಿಯುವ ಪದಾರ್ಥ ಉಂಟಾಗಬಹುದಾದ್ದರಿಂದ, ಉಳಿದದ್ದಕ್ಕೆ ದುರ್ಬಲ ನೈಟ್ರಿಕ್ ಆಮ್ಲ ಹಾಕಿ ಆಗಲೇ ವಿಲೇವಾರಿ ಮಾಡಿಸಿದೆ. ಕನ್ನಡಿಯಿದ್ದ ಪ್ರನಾಳವನ್ನು ತೊಳೆಯಲು ಮಾತ್ರ ಅವಳು ಒಪ್ಪಲಿಲ್ಲ.