ಕಡಲ ಬದಿಯ ಗೂಡಂಗಡಿಗೆ ಎಂಥೆಂಥ ಗಿರಾಕಿಗಳು ಬರುತ್ತಾರೆ?

ಕಡಲ ಬದಿಯಲ್ಲಿ ಗೂಡಂಗಡಿ ಇಟ್ಟವರಿಗೆ ಘಟ್ಟದ ಮೇಲಿನ ನೆಂಟರು ತಪ್ಪದೆ ಕೇಳುವ ಪ್ರಶ್ನೆ ಇದು. ಪಣಂಬೂರಾಗಲಿ, ಮಲ್ಪೆಯಾಗಲಿ, ಮುರುಡೇಶ್ವರವಾಗಲಿ, ಉತ್ತರ ಹೆಚ್ಚು ಕಡಿಮೆ ಒಂದೇ. ಚಾ, ಚರುಮುರಿ, ಸೋಡಾ ಕೇಳುವವರು ಮಾಮೂಲಿ ಗಿರಾಕಿಗಳು. ಅಂಗಡಿಯಲ್ಲಿ ಮಾರಾಟಕ್ಕಿಲ್ಲದ್ದನ್ನು ಕೇಳಿಕೊಂಡು ಬರುವವರೂ ಇದ್ದಾರೆ. ಅವರಿಗಾಗಿಯೇ ಅಂಗಡಿಯಲ್ಲಿ ಕೆಲವು ತಯಾರಿ ಇರಬೇಕು.

ಎಲ್ಲರಿಗಿಂತ ಅವಸರದಲ್ಲಿ ಬರುವವರು ನೀರಿನಲ್ಲಿ ಏನೋ ಚುಚ್ಚಿಸಿಕೊಂಡವರು. ಕುಂಟುತ್ತಾ ಬಂದು ಐಸ್ ಕೇಳುತ್ತಾರೆ. ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚಿದ್ದರೆ ಬೇಕಾದದ್ದು ಐಸ್ ಅಲ್ಲ, ಬಿಸಿನೀರು. ಅದರ ನಂಜು ಶಾಖಕ್ಕೆ ಸೋಲುತ್ತದೆ. ಮುಂಬೈಯ ಗಿರ್‌ಗಾಂವ್ ಚೌಪಾಟಿಯಲ್ಲಿ 2013ರ ಗಣೇಶ ವಿಸರ್ಜನೆಯ ಹೊತ್ತಿಗೆ ಹತ್ತಾರು ಜನರಿಗೆ ತೊರಕೆ ಚುಚ್ಚಿತ್ತು. ಅಂಥ ಹೊತ್ತಿನಲ್ಲಿ ಹತ್ತಿರದಲ್ಲೇ ಬಿಸಿನೀರು ಸಿಗುವ ಜಾಗವೆಂದರೆ ಚಾದ ಅಂಗಡಿ. ಅಳತೆ ಸುಲಭ: ಒಂದು ಲೋಟ ಕುದಿಯುವ ನೀರಿಗೆ ನಾಲ್ಕು ಲೋಟ ಮಾಮೂಲಿ ನೀರು ಬೆರೆಸಿದರೆ ಸುಮಾರು 43 ಡಿಗ್ರಿಗೆ ಬರುತ್ತದೆ. 45 ಡಿಗ್ರಿ ದಾಟಬಾರದು. ನೀರಿನ ಬಿಸಿಯನ್ನು ನೋವಿರುವವರ ಕಾಲಲ್ಲಿ ನೋಡಬೇಡಿ. ನೋವಿನಲ್ಲಿ ಅವರಿಗೆ ಸುಡುವುದೂ ಗೊತ್ತಾಗುವುದಿಲ್ಲ. ನಿಮ್ಮ ಮೊಣಕೈ ಅದ್ದಿ ನೋಡಿ. ಬಕೆಟ್ಟಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕಾಲಿಟ್ಟುಕೊಂಡಿರಲಿ. ನೀರು ಆರಿದಂತೆ ಕಾಲನ್ನು ಹೊರಗೆ ತೆಗೆಸಿ ಬಿಸಿ ಸೇರಿಸಿ. ಆಳವಾಗಿ ನಾಟಿದ ಮುಳ್ಳನ್ನು ಅಂಗಡಿಯಲ್ಲಿ ಕೀಳುವ ಸಾಹಸ ಬೇಡ. ಎದೆಗೋ ಹೊಟ್ಟೆಗೋ ಚುಚ್ಚಿದ್ದರೆ ಬಕೆಟ್ಟಿನ ಮಾತೇ ಇಲ್ಲ, ತಕ್ಷಣ 108ಕ್ಕೆ ಫೋನ್ ಮಾಡಬೇಕು.

ಜೆಲ್ಲಿಫಿಶ್ ತಾಗಿ ಉರಿ ಎಂದು ಬಂದವರು ಮೊದಲು ಮಾಡುವ ತಪ್ಪು ಮರಳಿನಿಂದ ಉಜ್ಜುವುದು, ಎರಡನೆಯದು ಕುಡಿಯುವ ನೀರು ಹೊಯ್ದುಕೊಳ್ಳುವುದು. ಚರ್ಮಕ್ಕೆ ಅಂಟಿದ ಎಳೆಗಳಲ್ಲಿ ಇನ್ನೂ ಸಿಡಿಯದ ನಂಜಿನ ಕೋಶಗಳಿರುತ್ತವೆ. ಉಜ್ಜಿದರೆ, ಸಿಹಿನೀರು ಬಿದ್ದರೆ ಅವೂ ಸಿಡಿಯುತ್ತವೆ. ಕಡಲ ನೀರಿನಿಂದಲೇ ತೊಳೆದು, ಎಳೆಗಳನ್ನು ಚಿಮುಟದಿಂದ ತೆಗೆಯಬೇಕು. ಹತ್ತು ರೂಪಾಯಿಯ ಚಿಮುಟವೊಂದು ಗಲ್ಲಾಪೆಟ್ಟಿಗೆಯಲ್ಲಿ ಇರಲಿ. ಉಸಿರು ಕಟ್ಟಿದರೆ, ಮುಖ ಊದಿದರೆ ತಡ ಮಾಡದೆ ಆಸ್ಪತ್ರೆಗೆ.

ಇನ್ನು ಮಾತಿನಲ್ಲಿ ಎಡವುವ ಗಿರಾಕಿಗಳು. ಮಂಗಳೂರು, ಉಡುಪಿ ಕಡೆ ಬೊಂಡ ಎಂದರೆ ಎಳನೀರು. ಬೆಂಗಳೂರಿನವರು ಬಂದು "ಅಣ್ಣಾ, ಎರಡು ಪ್ಲೇಟ್ ಬೋಂಡ ಕೊಡಿ" ಅಂದಾಗ ಅಂಗಡಿಯವರ ಕೈ ಕತ್ತಿಗೆ ಹೋಗುತ್ತದೆ. ಕೆತ್ತಿದ ಬೊಂಡವನ್ನು ಮತ್ತೆ ಗೊನೆಗೆ ಅಂಟಿಸಲಾಗದು. ಹಾಗಾಗಿ ಬೋರ್ಡಿನಲ್ಲಿ "ಎಳನೀರು" ಅಂತಲೂ ಬರೆಸಿ. "ನೀರು ಮಾತ್ರವೋ, ಗಂಜಿಯೂ ಬೇಕೋ" ಎಂದು ಕೆತ್ತುವ ಮೊದಲೇ ಕೇಳಿಬಿಡಿ.

ಚರುಮುರಿಯನ್ನು ರೂಮಿಗೆ ಪಾರ್ಸೆಲ್ ಕೇಳುವವರಿಗೆ ಬೇಡ ಎನ್ನಬೇಕಾಗಿಲ್ಲ, ಕಲಸಿ ಕೊಡಬಾರದು ಅಷ್ಟೆ. ಉಪ್ಪು ತಾಗಿದ ಕೂಡಲೇ ಈರುಳ್ಳಿ, ಟೊಮೆಟೊ ನೀರು ಬಿಡುತ್ತವೆ. ಕಡಲ ಗಾಳಿಯ ತೇವ ಬೇರೆ. ಐದು ನಿಮಿಷದಲ್ಲಿ ಮಂಡಕ್ಕಿ ಮೆತ್ತಗಾಗುತ್ತದೆ. ಅಲ್ಲೇ ತಿನ್ನುವವರಿಗೆ ನಾಲ್ಕು ಹಿಡಿ ಮಂಡಕ್ಕಿಗೆ ಮೊದಲು ಒಂದು ಚಮಚ ತೆಂಗಿನೆಣ್ಣೆ, ಅರ್ಧ ಚಮಚ ಮೆಣಸಿನಪುಡಿ ಹಾಕಿ ಕೈಯಾಡಿಸಬೇಕು. ಎಣ್ಣೆ ಹಿಡಿದ ಮಂಡಕ್ಕಿ ಸ್ವಲ್ಪ ಹೊತ್ತು ಗರಿಗರಿ ಉಳಿಯುತ್ತದೆ. ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಮಾವಿನಕಾಯಿ ಚೂರು ಆಮೇಲೆ. ಉಪ್ಪು ಎಲ್ಲಕ್ಕಿಂತ ಕೊನೆಗೆ. ಪಾರ್ಸೆಲ್ಲಿಗೆ ಎಣ್ಣೆ ಹಚ್ಚಿದ ಮಂಡಕ್ಕಿ ಒಂದು ಪೊಟ್ಟಣ, ತರಕಾರಿ ಇನ್ನೊಂದು, ಉಪ್ಪು ಚಿಟಿಕೆ ಬೇರೆ.

ನೀರಿನಿಂದ ಎದ್ದು ಬಂದು, ತಲೆ ಒರೆಸದೆ ಗೋಳಿಬಜೆ ಬಾಣಲೆಯ ಮೇಲೆ ಬಗ್ಗಿ "ಬಿಸಿ ಉಂಟಾ?" ಎಂದು ಕೇಳುವವರು ದಿನಕ್ಕೆ ಹತ್ತು ಮಂದಿ. ಕಾದ ಎಣ್ಣೆಗೆ ಕೂದಲಿನ ನಾಲ್ಕು ಹನಿ ಬಿದ್ದರೆ ಸಾಕು, ಅದು ಒಮ್ಮೆಗೇ ಆವಿಯಾಗಿ ಎಣ್ಣೆಯನ್ನು ಎತ್ತಿ ಎರಚುತ್ತದೆ. ಸುಡುವುದು ಅವರ ಮುಖ, ಕೆಲವೊಮ್ಮೆ ಪಕ್ಕದ ಮಗುವಿನದು. ಬಾಣಲೆ ಕಟ್ಟೆಯಿಂದ ಮೂರಡಿ ಹಿಂದಿರಬೇಕು, ಇದರಲ್ಲಿ ರಾಜಿ ಬೇಡ. ಮಧ್ಯಾಹ್ನ ಪಡುವಣ ಗಾಳಿ ಬೀಸುವುದರಿಂದ ಒಲೆಯ ಮೂರು ಬದಿಗೆ ತಗಡು ನಿಲ್ಲಿಸಿ. ಟವೆಲು ಕೊಡವುವವರನ್ನು ಗಾಳಿಯ ಕೆಳಬದಿಗೆ ಕಳುಹಿಸಿ, ಇಲ್ಲದಿದ್ದರೆ ಆ ಮರಳೆಲ್ಲ ಹಿಟ್ಟಿಗೇ.

ನಸುಕಿನಲ್ಲಿ ಕೈರಂಪಣಿ, ಅಂದರೆ ದಡದಲ್ಲಿ ನಿಂತು ಕೈಯಿಂದ ಎಳೆಯುವ ಬಲೆ, ಎಳೆದು ಬರುವ ಮೀನುಗಾರರು ಕಾಗದದ ಲೋಟ ಒಪ್ಪುವುದಿಲ್ಲ. ಹಟವಲ್ಲ ಅದು. ಹಗ್ಗ ಎಳೆದ ಕೈ ಒದ್ದೆ, ಆ ಲೋಟ ಮೆತ್ತಗಾಗಿ ಬಿಸಿ ಚಾ ಕೈಮೇಲೆ ಚೆಲ್ಲುತ್ತದೆ. ಅವರಿಗೆ ಗಾಜಿನ ಲೋಟವೇ ಇರಲಿ. ಅಮಾವಾಸ್ಯೆಯ ಸಮುದ್ರ ಸ್ನಾನಕ್ಕೆ ಬಂದವರಿಗೆ ಬೊಂಡ ಮತ್ತು ಬಾಳೆಹಣ್ಣು ಸಾಕು, ಈರುಳ್ಳಿ ಹೆಚ್ಚಿದ ಕತ್ತಿ ಮಾತ್ರ ಅದಕ್ಕೆ ಮುಟ್ಟಿಸಬೇಡಿ. ಒದ್ದೆ ನೋಟು ಕೊಡುವವರ ಮೇಲೆ ಸಿಡುಕುವುದೂ ಬೇಡ: ನಮ್ಮ ನೋಟು ಹತ್ತಿಯ ನಾರಿನದು, ಹಳೆ ಪೇಪರಿನ ನಡುವೆ ಒತ್ತಿಟ್ಟರೆ ಒಣಗುತ್ತದೆ. ಒಲೆಯ ಹತ್ತಿರ ಹಿಡಿದರೆ ಸುರುಟಿಕೊಳ್ಳುತ್ತದೆ.

ಏನನ್ನೂ ಕೊಳ್ಳದ ಗಿರಾಕಿಗಳೂ ಇದ್ದಾರೆ. ದಾರಿ ತಪ್ಪಿದ ಮಗು ಅಳುತ್ತಾ ಅಂಗಡಿಯ ಕಂಬ ಹಿಡಿದು ನಿಲ್ಲುತ್ತದೆ. ಅದನ್ನು ಎತ್ತಿಕೊಂಡು ಅಪ್ಪ ಅಮ್ಮನನ್ನು ಹುಡುಕಲು ಹೊರಡಬೇಡಿ. ಅವರು ಈ ಕಡೆ ಬರುವಾಗ ನೀವು ಆ ಕಡೆ ಇರುತ್ತೀರಿ. ಅಲ್ಲೇ ಕೂರಿಸಿ, ನೀರು ಕೊಟ್ಟು, ಜೀವರಕ್ಷಕರಿಗೆ ಹೇಳಿ ಕಳುಹಿಸಿ. ಯಾರೂ ಸಿಗದಿದ್ದರೆ ಮಕ್ಕಳ ಸಹಾಯವಾಣಿ 1098.

"ಅಕ್ಕಾ, ಈ ಬ್ಯಾಗ್ ಸ್ವಲ್ಪ ನೋಡ್ಕೊಳ್ಳಿ, ಒಂದು ಮುಳುಗು ಹಾಕಿ ಬರ್ತೇವೆ" ಎನ್ನುವ ಹುಡುಗರು ವಾರದ ಕೊನೆಗೆ ಗುಂಪುಗುಂಪಾಗಿ ಬರುತ್ತಾರೆ. ಬ್ಯಾಗ್ ಇಟ್ಟುಕೊಳ್ಳಿ, ಆದರೆ ಬಾಯಿಮಾತಿಗಲ್ಲ. ಒಂದು ಪುಸ್ತಕದಲ್ಲಿ ಹೆಸರು, ಎಷ್ಟು ಜನ, ಎಷ್ಟು ಗಂಟೆಗೆ ಇಳಿದರು, ಊರಲ್ಲಿರುವ ಒಬ್ಬರ ಫೋನ್ ನಂಬರು ಬರೆಸಿ. ಅವರ ಫೋನುಗಳು ಆ ಬ್ಯಾಗಿನೊಳಗೇ ಇರುವುದರಿಂದ ಅವರದೇ ನಂಬರು ಬರೆದರೆ ಪ್ರಯೋಜನವಿಲ್ಲ. ಜೂನ್, ಜುಲೈಯಲ್ಲಿ ಕೆಂಪು ಬಾವುಟ ಹಾರುತ್ತಿದ್ದರೆ ಇಟ್ಟುಕೊಳ್ಳಲೇಬೇಡಿ. ಬ್ಯಾಗ್ ಇಡಲು ಜಾಗವಿಲ್ಲದಿದ್ದರೆ ಅರ್ಧದಷ್ಟು ಹುಡುಗರು ನೀರಿಗಿಳಿಯದೆ ಚಾ ಕುಡಿದು ಹೋಗುತ್ತಾರೆ. ಹೇಳಿದ ಹೊತ್ತು ಮೀರಿ ಅರ್ಧ ಗಂಟೆಯಾದರೂ ಬ್ಯಾಗ್ ಕೇಳಲು ಯಾರೂ ಬರಲಿಲ್ಲವೆಂದರೆ ಕತ್ತಲಾಗುವವರೆಗೆ ಕಾಯಬೇಡಿ. ಒಲೆ ಆರಿಸಿ, ಪುಸ್ತಕ ಹಿಡಿದುಕೊಂಡು ಜೀವರಕ್ಷಕರ ಬಳಿಗೆ ನಡೆಯಿರಿ, ಹೋಗುತ್ತಲೇ 112ಕ್ಕೆ ಫೋನ್ ಮಾಡಿ.